ಗಂಡನ ಸವಾರಿ

ಶಾಂಭವಿ ಪೆಡಲ್ ತುಳಿಯುತ್ತಲೇ ಇದ್ದಳು. ಠಾಣೆಯ ಸ್ಟ್ಯಾಂಡಿನ ಮೇಲೆ ನಿಂತಿದ್ದ ಸೈಕಲ್ಲಿನಲ್ಲಿ, ಜಿಪಿಎಸ್ ಉಳಿಸಿಟ್ಟ ಗಂಡನ ಸವಾರಿ ಮತ್ತೆ ಓಡುತ್ತಿತ್ತು. ಹ್ಯಾಂಡಲ್ಲಿನೊಳಗೆ ಅವನ ಎದೆ ಬಡಿಯುತ್ತಿತ್ತು. ಡಿಕ್ಕಿಯಾದರೆ ತಪ್ಪು ಯಾರದೆಂದು ಮನೆಯವರೇ ಹೀಗೆ ತುಳಿದು ಹೇಳಬೇಕೆಂಬುದು ನಿಯಮ.

ತಿರುವಿನಲ್ಲಿ ಸುಲೋಚನಾ ಟೀಚರ ಸೈಕಲ್ಲು ಎದುರಾದದ್ದೇ ತಡ, ಆ ಎದೆ ಸಿಕ್ಕಿಬಿದ್ದ ಗುಬ್ಬಿಯಂತೆ ಪಟಪಟನೆ ಹೊಡೆದುಕೊಂಡಿತು. ತಾಳಿ ಕಟ್ಟುವಾಗಲೂ ಅವನಿಗೆ ಹೀಗಾಗಿರಲಿಲ್ಲ. ಬ್ರೇಕಿನ ಮೇಲಿದ್ದ ಅವನ ಬೆರಳುಗಳು ಸಡಿಲಾದವು. ಧಡ್!

"ತಪ್ಪು ನಮ್ಮನಿಯವರದ ಐತಿ," ಎನ್ನುತ್ತ ಇಳಿದಳು.

"ಅವಸರ ಮಾಡಬ್ಯಾಡ್ರಿ ಅಕ್ಕಾರ. ಸೈಕಲ್ ಜಪ್ತಿ ಆಗಿ, ಅವರು ಮತ್ತೆಂದೂ ಹತ್ತಂಗಿಲ್ಲ," ಎಂದ ಹವಾಲ್ದಾರ. "ಟೀಚರ್ ಸವಾರೀನೂ ಐತಿ, ಅವರ ಎದಿ ಬಡಿತಾನೂ ಅದರಾಗ ಐತಿ. ಅವರೂ ಬ್ರೇಕ್ ಹಿಡದಿಲ್ಲ. ತುಳದು ನೋಡ್ರಿ, ನಿಮ್ಮ ಯಜಮಾನ್ರು ಬಚಾವಾದಾರು."

ಶಾಂಭವಿ ಚಪ್ಪಲಿ ಮೆಟ್ಟಿಕೊಂಡಳು.

"ನಾ ತುಳಿಯಂಗಿಲ್ಲ."