ಸೊನ್ನೆಗೆ ಸೊನ್ನೆ ಘಾತ

"ಯಾವ ಸಂಖ್ಯೆಗೆ ಸೊನ್ನೆ ಘಾತ ಹಾಕಿದರೂ ಉತ್ತರ?" ಹೊಸ ಗಣಿತ ಮೇಡಂ ಕೇಳಿದರು.

"ಒಂದು!" ಒಂಬತ್ತನೇ ತರಗತಿ ಒಕ್ಕೊರಲಿನಿಂದ ಕೂಗಿತು. ಪಾಠ ನೋಡಲು ಬಂದು ಕೊನೆಯ ಬೆಂಚಿನಲ್ಲಿ ಕೂತಿದ್ದ ಇನ್‌ಸ್ಪೆಕ್ಟರ್ ಸಾಹೇಬರು ತಲೆದೂಗಿದರು. ಅವರು ಹೂಂ ಅಂದರೆ ಮೇಡಂ ಕೆಲಸ ಕಾಯಂ. ಅದಕ್ಕೇ ಮೇಡಂ ವಾರವಿಡೀ ಘಾತಾಂಕದ ನಿಯಮಗಳನ್ನು ಅರೆದು ಕುಡಿಸಿದ್ದರು. ಇದು ನಮಗೇ ಬಂದ ಘಾತ ಎಂದು ಗೊಣಗುತ್ತಿದ್ದವರ ಬಾಯಲ್ಲೂ ಈಗ ಉತ್ತರ ನೀರು ಕುಡಿದಷ್ಟು ಸಲೀಸು.

"ಸೊನ್ನೆಯನ್ನ ಸೊನ್ನೆಯಿಂದ ಎಷ್ಟು ಸಲ ಗುಣಿಸಿದ್ರೂ?"

"ಸೊನ್ನೆ!"

ಕಿಟಕಿ ಪಕ್ಕದ ಹುಡುಗಿ ಎದ್ದು ನಿಂತಳು. "ಮೇಡಂ, ಸೊನ್ನೆಗೇ ಸೊನ್ನೆ ಘಾತ ಹಾಕಿದ್ರೆ? ಒಂದು ನಿಯಮ ಒಂದು ಅನ್ನುತ್ತೆ, ಇನ್ನೊಂದು ಸೊನ್ನೆ ಅನ್ನುತ್ತೆ. ಯಾರ ಮಾತು ಕೇಳ್ಲಿ?"

ಯಾರೋ ಕಿಸಕ್ಕನೆ ನಕ್ಕರು. 'ಪರೀಕ್ಷೆಗೆ ಬರಲ್ಲ, ಕೂತ್ಕೋ' ಎಂಬ ಮಾತು ಮೇಡಂ ನಾಲಿಗೆಯ ತುದಿಗೆ ಬಂತು. ಹುಡುಗಿಯ ಮುಖ ನೋಡಿದರು. ಕೀಟಲೆಯಿರಲಿಲ್ಲ, ನಿಜವಾಗಿಯೂ ಇಬ್ಬರ ನಡುವೆ ಸಿಕ್ಕಿಬಿದ್ದವಳ ಮುಖ ಅದು.

"ಅದಕ್ಕೆ ಉತ್ತರ ನಿಗದಿ ಮಾಡಿಲ್ಲ ಅಂತ ಓದಿದ್ದೆ ಕಣಮ್ಮ. ಯಾಕೆ ಅಂತ ನಾನೂ ಕೇಳ್ಕೊಂಡಿರಲಿಲ್ಲ. ತಲೆಗೆ ಹುಳ ಬಿಟ್ಟೆ ನೋಡು! ಬಾ, ಬೋರ್ಡ್ ಮೇಲೆ ಬರಿ."

ಹುಡುಗಿ ಬರೆದಳು. ಸೊನ್ನೆಯ ವರ್ಗವನ್ನು ಸೊನ್ನೆಯ ವರ್ಗದಿಂದ ಭಾಗಿಸು; ಘಾತ ಕಳೆದರೆ ಎರಡರಲ್ಲಿ ಎರಡು ಹೋಗಿ ಸೊನ್ನೆ ಘಾತ...

"ಏಯ್, ಸೊನ್ನೆಯಿಂದ ಭಾಗಿಸೋ ಹಾಗಿಲ್ವಲ್ಲೇ!" ಮುಂದಿನ ಬೆಂಚಿನಿಂದ ಕೂಗು ಬಂತು.

"ಹೌದಲ್ವಾ!" ಮೇಡಂ ಕಣ್ಣರಳಿಸಿದರು. "ನಿಯಮ ಕಾಲು ಜಾರೋದು ಇಲ್ಲೇ."

ಹಿಂದೆ ಬೆಂಚು ಕಿರುಗುಟ್ಟಿತು. ಸಾಹೇಬರು ಎದ್ದು ಬರುತ್ತಿದ್ದರು. ಬಂದವರೇ ಸೀಮೆಸುಣ್ಣ ಕೈಗೆತ್ತಿಕೊಂಡರು. ಅರ್ಧಕ್ಕೆ ಅರ್ಧ ಘಾತ, ಕಾಲಿಗೆ ಕಾಲು ಘಾತ ಎಂದು ಸೊನ್ನೆಯ ಹತ್ತಿರ ಹತ್ತಿರಕ್ಕೆ ಬರೆಯುತ್ತ ಹೋದರು, ನಡುವೆ ನಿಂತರು, ಡಸ್ಟರ್ ಮರೆತು ಅಂಗಿಯ ತೋಳಿನಿಂದಲೇ ಒರೆಸಿದರು. ಗಂಟೆ ಹೊಡೆಯಿತು. ಒಬ್ಬರೂ ಏಳಲಿಲ್ಲ.

ಬಾಗಿಲಲ್ಲಿ ಹೆಡ್‌ಮಿಸ್ ಕಾಣಿಸಿಕೊಂಡರು. "ಸಾರ್, ನಮ್ಮ ಹೊಸ ಮೇಡಂ ವಿಷಯ...?"

"ಅವರದು ಆಯ್ತಮ್ಮ, ಕಾಯಂ," ಸಾಹೇಬರು ತಿರುಗದೆಯೇ ಅಂದರು. "ಇದೊಂದು ಆಗ್ತಿಲ್ಲ."

"ಸಾರ್," ಹಿಂದಿನಿಂದ ಯಾರೋ ಗದರಿದರು, "ಸ್ವಲ್ಪ ಪಕ್ಕಕ್ಕೆ ಸರೀರಿ, ಬೋರ್ಡ್ ಕಾಣ್ತಿಲ್ಲ!"