ನಾಯಿ ವ್ಯಾನು ಬಂದ ದಿನ

ಒಂದೇ ಕೋಣೆಯ ಮನೆ ತುಂಬ ನಾಯಿಗಳು. ಎಲ್ಲವೂ ಮೂಳೆ ಚಕ್ಕಳವಾಗಿದ್ದವು. ಪಾಲಿಕೆಯ ಪಶುವೈದ್ಯ ಮೆಟ್ಟಿಲು ಹತ್ತುತ್ತಲೇ ರತ್ನಾಬಾಯಿ ಬಾಗಿಲಿಗೆ ಅಡ್ಡ ನಿಂತಳು.

"ನನ್ನ ಮಕ್ಕಳನ್ನ ಮುಟ್ಟಿದ್ರೆ ನೋಡಿ! ದೂರು ಕೊಟ್ಟೋರ ಮನೆ ಹಾಳಾಗ!"

ವೈದ್ಯ ಕೈಯಲ್ಲಿದ್ದ ದೂರಿನ ಹಾಳೆ ನೋಡಿದ, ಅವಳ ಮುಖ ನೋಡಿದ. ವ್ಯಾನಿನ ಡ್ರೈವರನೇ ಹೇಳಿದ: "ಹೊಟ್ಟೆಗೆ ಹಾಕೋಕಾಗದೆ ಹೀಗೆ ಕೂಡಿಹಾಕೋದು ಅಪರಾಧ ಕಣಮ್ಮ. ನಮ್ಮ ಶೆಡ್‌ನಲ್ಲಿ ಹೊಟ್ಟೆ ತುಂಬ ಅನ್ನ ಹಾಕ್ತಾರೆ."

ಕೊನೆಗೆ ಅವಳೇ ಅಳುತ್ತ ಒಂದೊಂದನ್ನೂ ಎತ್ತಿ ವ್ಯಾನಿಗೆ ಹತ್ತಿಸಿದಳು. ಶಾಪ ಹಾಕುವುದು ಮಾತ್ರ ನಿಲ್ಲಲಿಲ್ಲ. ಉಳಿದೊಂದು ಕುಂಟು ನಾಯಿ ಅವಳ ಸೆರಗು ಕಚ್ಚಿ ಹಿಡಿದಾಗ ವೈದ್ಯನಿಗೆ ತಡೆಯಲಾಗಲಿಲ್ಲ.

"ಯಾಕಮ್ಮ ಈ ಶಾಪ? ನೆನ್ನೆ ಆಫೀಸಿಗೆ ಬಂದು ದೂರು ಕೊಟ್ಟೋರು ನೀವೇ ಅಲ್ವಾ?"

ಅವಳು ಎರಡೂ ಕೈಯಿಂದ ನಾಯಿಯ ಕಿವಿ ಮುಚ್ಚಿದಳು.

"ಮೆಲ್ಲಗೆ ಸಾರ್, ಇವಕ್ಕೆ ಕೇಳಿಸುತ್ತೆ."