ಭೂಮಿ ಭಾರ ಬಿಡುವ ಹೊತ್ತು

ದಿನಾ ಬಿಸಿಲೇರುವಾಗ ಭೂಮಿ ಒಂದು ಗಳಿಗೆ ಭಾರ ಬಿಡುತ್ತಿತ್ತು; ಕಟ್ಟದೆ ಬಿಟ್ಟದ್ದೆಲ್ಲ ಮೇಲಕ್ಕೆ ತೇಲುತ್ತಿತ್ತು. ಗುಡಿಯ ಗಂಟೆ ಕೇಳಿದೊಡನೆ ಊರವರು ಸೊಂಟಕ್ಕೆ ಹಗ್ಗ ಬಿಗಿದುಕೊಂಡು, ಕೂಸುಗಳ ನಡುವಿನ ಉಡಿದಾರಕ್ಕೂ ಹಗ್ಗದ ತುದಿ ಗಂಟು ಹಾಕುತ್ತಿದ್ದರು.

"ಅತ್ತಿ, ಈ ಭಾರ ಎಲ್ಲಿಗ್ ಹೋಗ್ತೈತ್ರಿ?" ಬಾಗಿಲಿಗೆ ಹಗ್ಗ ಕಟ್ಟಿಕೊಳ್ಳುತ್ತ ಸೊಸೆ ಚಂಬವ್ವ ಕೇಳಿದಳು.

"ಶಿವಗೂ ತಕ್ಕಡಿ ಕೆಳಗಿಡೂ ಹೊತ್ತು ಬ್ಯಾಡೇನ?" ಅಂಗಳದಲ್ಲಿ ಮೊಮ್ಮಗನಿಗೆ ಎಣ್ಣೆ ತಿಕ್ಕುತ್ತಿದ್ದ ಗುರುಪಾದವ್ವ ನಕ್ಕಳು.

ಗಂಟೆ ಮೊಳಗಿತು. ಗುರುಪಾದವ್ವ ಒರಳಿಗೆ ಕಟ್ಟಿದ್ದ ಗಿಡ್ಡ ಹಗ್ಗವನ್ನು ಸೊಂಟಕ್ಕೆ ಸುತ್ತಿಕೊಂಡು ಕೂಸಿನ ನಡು ತಡವಿದಳು. ಉಡಿದಾರವಿಲ್ಲ! ಎಣ್ಣೆ ಹಚ್ಚಲೆಂದು ತಾನೇ ಬಿಚ್ಚಿಟ್ಟಿದ್ದಳು. ಮೇಲೆ ಬರೀ ಆಕಾಶ. ಜಿಡ್ಡಿನ ಕೂಸು ಕೈಯಿಂದ ಮೇಲಕ್ಕೆ ಜಾರುತ್ತಿತ್ತು. "ಶಿವಶಿವಾ" ಎನ್ನುತ್ತ ತನ್ನ ಹಗ್ಗ ಬಿಚ್ಚಿ ಕೂಸಿಗೆ ಬಿಗಿದಳು. ತಾನು ತೇಲಿದಳು.

ಚಂಬವ್ವ ಹಾರಿ ಅತ್ತೆಯ ಪಾದ ಹಿಡಿದಳು.

"ನನ್ನ ಬಿಡು, ಕೂಸಿನ್ನ ನೋಡು!"

"ಕೂಸು ಗಟ್ಟಿ ಐತ್ರಿ. ದಿನಾ ಕಾಲಿಗೆ ಬೀಳು ಅಂತಿದ್ರಿ, ಇವತ್ತ ಹಿಡದೀನಿ. ಸುಮ್ನಿರ್ರಿ."